ಇಲಿಯ ಕಾಲು ತಿರುಚಿದ ಒಂದೇ ಒಂದು ಅಕ್ಷರ

ಈ ಸಾಲನ್ನು ಓದುತ್ತಲೇ ಕಾಲಿನ ಬೆರಳುಗಳನ್ನು ಒಮ್ಮೆ ಅಲ್ಲಾಡಿಸಿ. ಪಾದದ ಸಣ್ಣ ಸ್ನಾಯುಗಳಿಗೆ ಆ ಆದೇಶ ಕೊಟ್ಟ ನರಕೋಶ ಕಾಲಿನಲ್ಲಿಲ್ಲ, ಬೆನ್ನಿನ ಕೆಳಭಾಗದಲ್ಲಿ ಬೆನ್ನುಹುರಿಯೊಳಗೆ ಇದೆ. ಅಲ್ಲಿಂದ ಹೊರಟ ಅದರ ಒಂದು ಎಳೆ ತೊಡೆ, ಮೊಣಕಾಲು, ಮೀನಖಂಡ ದಾಟಿ ಪಾದ ತಲುಪುತ್ತದೆ. ಆ ಎಳೆಗೆ ಆಕ್ಸಾನ್ ಎಂದು ಹೆಸರು. ಉದ್ದ ಹೆಚ್ಚು ಕಡಿಮೆ ಒಂದು ಮೀಟರ್. ಕೋಶದ ದೇಹದ ಅಗಲ ಮಾತ್ರ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗವನ್ನೂ ಮೀರುವುದಿಲ್ಲ.

ಲೆಕ್ಕ ಹಾಕಿ ನೋಡಿ. ಕೋಶದ ದೇಹ ಹತ್ತು ಅಡಿ ಅಗಲದ ಕೋಣೆಯಾದರೆ, ಆ ಎಳೆ ಸುಮಾರು 30 ಕಿಲೋಮೀಟರ್ ಉದ್ದದ ರಸ್ತೆ. ಮೆಜೆಸ್ಟಿಕ್‌ನಿಂದ ಹೊರಟು ನೆಲಮಂಗಲ ತಲುಪಿದಷ್ಟು ದೂರ. ರಸ್ತೆಯ ಕೊನೆಯಲ್ಲಿ ಬೇಕಾಗುವ ಸಾಮಾನಿನ ಬಹುಪಾಲು ತಯಾರಾಗುವುದು ಈ ತುದಿಯ ಕೋಣೆಯಲ್ಲಿ. ಅದನ್ನು ಅಲ್ಲಿಗೆ ಸಾಗಿಸಬೇಕು. ಅಲ್ಲಿ ಸವೆದು ಹಾಳಾದದ್ದನ್ನು ವಾಪಸ್ ತರಬೇಕು. ಆ ತುದಿಯ ಸುದ್ದಿಯೂ ಇಲ್ಲಿಗೆ ಮುಟ್ಟಬೇಕು. ನೀರಿಗೆ ಬಿದ್ದ ಶಾಯಿಯಂತೆ ತಾನಾಗಿಯೇ ಹರಡಿಕೊಳ್ಳಲಿ ಎಂದು ಬಿಟ್ಟರೆ, ಒಂದು ಪ್ರೋಟೀನ್ ಅಣು ಈ ದೂರ ಕ್ರಮಿಸಲು ಸಾವಿರ ವರ್ಷಕ್ಕೂ ಹೆಚ್ಚು ಬೇಕು. ನಮ್ಮ ಆಯುಷ್ಯ ಅಷ್ಟಿಲ್ಲ. ಹಾಗಾಗಿ ಕೋಶದೊಳಗೆ ಹಳಿಗಳೂ ಇವೆ, ಹಮಾಲರೂ ಇದ್ದಾರೆ. ಅಂಥ ಒಬ್ಬ ಹಮಾಲನ, ಅವನನ್ನು ರೂಪಿಸುವ ಇಲಿಯ ಒಂದು ಜೀನ್‌ನ ಕಥೆ ಇದು.

ಬಿಎಸ್ಸಿ, ಎಂಎಸ್ಸಿ ಜೀವವಿಜ್ಞಾನ ಓದುವ ನಮ್ಮಂಥವರಿಗೆ ಮದುವೆ ಮನೆಯಲ್ಲೂ ಬಸ್‌ಸ್ಟ್ಯಾಂಡಿನಲ್ಲೂ ಎದುರಾಗುವ ಪ್ರಶ್ನೆ ಒಂದೇ. 'ಇದನ್ನು ಓದಿ ಮುಂದೇನು ಮಾಡ್ತೀಯಪ್ಪಾ?' ಇಲಿಯ ಜೀನ್ ಬಗ್ಗೆ ಓದುತ್ತಿದ್ದೇನೆ ಎಂದರೆ ಕೇಳಿದವರು ನಕ್ಕು ಮಾತು ಬದಲಿಸುತ್ತಾರೆ. ಅವರ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಇಲಿಯ ಜೀನ್‌ನಿಂದ ಯಾರಿಗೆ ಏನು ಸಿಕ್ಕಿತು ಎಂದು ಹೇಳುವ ಹೊಣೆ ಓದುವವರದ್ದೇ. ಈ ಬರಹ ಆ ಪ್ರಶ್ನೆಗೆ ಒಂದು ಉತ್ತರ.

ಹಳಿ ಮತ್ತು ಹಮಾಲರು

ಹಳಿಯ ಹೆಸರು ಮೈಕ್ರೊಟ್ಯೂಬ್ಯೂಲ್. ಟ್ಯೂಬ್ಯುಲಿನ್ ಎಂಬ ಪ್ರೋಟೀನಿನ ಇಟ್ಟಿಗೆಗಳನ್ನು ಜೋಡಿಸಿ ಕಟ್ಟಿದ ಟೊಳ್ಳು ಕೊಳವೆ ಅದು. ಅಗಲ ಸುಮಾರು 25 ನ್ಯಾನೊಮೀಟರ್. ಒಂದೊಂದು ಜೋಡಿ ಇಟ್ಟಿಗೆಯ ಉದ್ದ 8 ನ್ಯಾನೊಮೀಟರ್. ಈ ಕೊಳವೆಯ ಎರಡು ತುದಿಗಳು ಒಂದೇ ತರಹ ಇರುವುದಿಲ್ಲ. ಒಂದನ್ನು ಪ್ಲಸ್ ತುದಿ, ಇನ್ನೊಂದನ್ನು ಮೈನಸ್ ತುದಿ ಎನ್ನುತ್ತಾರೆ. ಆಕ್ಸಾನ್‌ನಲ್ಲಿ ಪ್ಲಸ್ ತುದಿಗಳು ಪಾದದ ಕಡೆಗೂ ಮೈನಸ್ ತುದಿಗಳು ಬೆನ್ನುಹುರಿಯ ಕಡೆಗೂ ಮುಖ ಮಾಡಿರುತ್ತವೆ. ಅಂದರೆ ಹಳಿಗೇ ದಿಕ್ಕು ಇದೆ.

ಹಮಾಲರಲ್ಲಿ ಎರಡು ದೊಡ್ಡ ಬಣ. ಕೈನೆಸಿನ್ ಗುಂಪಿನ ಬಹುತೇಕರು ಪ್ಲಸ್ ತುದಿಯ ಕಡೆಗೆ ನಡೆಯುತ್ತಾರೆ, ಅಂದರೆ ಕೋಣೆಯಿಂದ ಹೊರಗೆ. ಸೈಟೊಪ್ಲಾಸ್ಮಿಕ್ ಡೈನೀನ್ ಮೈನಸ್ ತುದಿಯ ಕಡೆಗೆ ನಡೆಯುತ್ತದೆ, ಅಂದರೆ ಮನೆಯ ಕಡೆಗೆ. ಹೊರಗೆ ಹೋಗಲು ಕೈನೆಸಿನ್‌ಗಳಲ್ಲಿ ಹತ್ತಾರು ಬಗೆ ಇವೆ. ಆಕ್ಸಾನ್‌ನಲ್ಲಿ ವಾಪಸ್ ಬರುವ ದೂರದ ಪ್ರಯಾಣಕ್ಕೆ ಮಾತ್ರ ಡೈನೀನ್ ಒಂದೇ ಆಸರೆ. ಕೂಲಿಯಾಗಿ ಇಬ್ಬರಿಗೂ ಸಿಗುವುದು ಎಟಿಪಿ. ಪಿಯುಸಿಯಲ್ಲಿ 'ಕೋಶದ ಶಕ್ತಿಯ ನಾಣ್ಯ' ಎಂದು ಬಾಯಿಪಾಠ ಮಾಡಿದ ಎಟಿಪಿಯೇ ಇದು.

ವೇಗ ಎಷ್ಟು? ಸರಾಸರಿ ಸೆಕೆಂಡಿಗೆ ಒಂದು ಮೈಕ್ರೊಮೀಟರ್ ಎಂದು ಹಿಡಿಯಿರಿ. ಒಂದು ಮೀಟರ್ ಎಂದರೆ ಹತ್ತು ಲಕ್ಷ ಮೈಕ್ರೊಮೀಟರ್. ಹತ್ತು ಲಕ್ಷ ಸೆಕೆಂಡ್ ಎಂದರೆ ಹನ್ನೊಂದೂವರೆ ದಿನ. ಪಾದದ ತುದಿಯಿಂದ ಹೊರಟ ಒಂದು ಸರಕು ಬೆನ್ನುಹುರಿ ತಲುಪುವ ಹೊತ್ತಿಗೆ ವಾರ ಒಂದೂವರೆ ಕಳೆದಿರುತ್ತದೆ. ದಾರಿಯಲ್ಲಿ ಹಮಾಲ ಕಾಲು ಜಾರಿದರೆ ಸರಕು ಅಲ್ಲೇ ನಿಲ್ಲುತ್ತದೆ.

ದಾರದ ಗಂಟಿನಿಂದ ಶುರುವಾದ ಹುಡುಕಾಟ

ನರದೊಳಗೆ ಸಾಗಾಟ ನಡೆಯುತ್ತದೆ ಎಂಬುದಕ್ಕೆ ಸಾಕ್ಷ್ಯ ಕೊಟ್ಟ ಮುಖ್ಯ ಪ್ರಯೋಗ ತೀರಾ ಸರಳವಾದದ್ದು. 1948ರಲ್ಲಿ ಪಾಲ್ ವೈಸ್ ಮತ್ತು ಹೆಲೆನ್ ಹಿಸ್ಕೊ ಪ್ರಾಣಿಗಳ ನರವನ್ನು ಒಂದು ಕಡೆ ಬಿಗಿದು ಕಾದರು. ಬಿಗಿದ ಜಾಗಕ್ಕಿಂತ ಮೇಲೆ, ಕೋಶದ ದೇಹದ ಕಡೆಗೆ, ಆಕ್ಸಾನ್‌ಗಳು ಉಬ್ಬಿಕೊಂಡವು. ಕಾಲುವೆಗೆ ಅಡ್ಡ ಕಟ್ಟೆ ಹಾಕಿದರೆ ನೀರು ಮೇಲುಗಡೆ ನಿಲ್ಲುತ್ತದಲ್ಲ, ಹಾಗೆ. ಗಂಟು ಬಿಚ್ಚಿದಾಗ ನಿಂತದ್ದು ಮತ್ತೆ ಕೆಳಗಿಳಿಯಿತು. ಏನೋ ಹರಿಯುತ್ತಿದೆ ಎಂಬುದು ಖಚಿತವಾಯಿತು. ಹೊತ್ತು ಸಾಗಿಸುವವರು ಯಾರು ಎಂಬುದು ಇನ್ನೂ ಗೊತ್ತಿರಲಿಲ್ಲ.

ಆ ಉತ್ತರದ ಒಂದು ಭಾಗ ಸಿಕ್ಕ ಬಗೆ ವಿದ್ಯಾರ್ಥಿಗಳಿಗೆ ಇಷ್ಟವಾಗುವಂಥದ್ದು. 1983ರಲ್ಲಿ ರಾನ್ ವೇಲ್ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ವಿದ್ಯಾರ್ಥಿ. ಸ್ಕ್ವಿಡ್ ಎಂಬ ಸಮುದ್ರಜೀವಿಯ ಆಕ್ಸಾನ್ ಬಲು ದಪ್ಪ, ಪ್ರಯೋಗಕ್ಕೆ ಹೇಳಿ ಮಾಡಿಸಿದಂಥದ್ದು. ಆದರೆ ಆ ವರ್ಷ ಎಲ್ ನಿನೊದಿಂದಾಗಿ ಕ್ಯಾಲಿಫೋರ್ನಿಯಾ ತೀರದಲ್ಲಿ ಸ್ಕ್ವಿಡ್ ಸಿಗಲಿಲ್ಲ. ಸ್ಕ್ವಿಡ್ ಹುಡುಕಿಕೊಂಡು ಅವರು ದೇಶದ ಇನ್ನೊಂದು ತುದಿಗೆ, ವುಡ್ಸ್ ಹೋಲ್‌ನ ಸಮುದ್ರ ಜೀವವಿಜ್ಞಾನ ಪ್ರಯೋಗಾಲಯಕ್ಕೆ ಹೋದರು. ಮೈಕೆಲ್ ಶೀಟ್ಜ್, ಥಾಮಸ್ ರೀಸ್ ಜೊತೆ ಸೇರಿ 1985ರಲ್ಲಿ ಹೊರಗಿನ ದಿಕ್ಕಿಗೆ ನಡೆಯುವ ಹಮಾಲನನ್ನು ಬೇರ್ಪಡಿಸಿ ಕೈನೆಸಿನ್ ಎಂದು ಹೆಸರಿಟ್ಟರು. ಮುಂದೆ 2012ರಲ್ಲಿ ವೇಲ್, ಶೀಟ್ಜ್ ಮತ್ತು ಜೇಮ್ಸ್ ಸ್ಪುಡಿಕ್ ಅವರಿಗೆ ಲಾಸ್ಕರ್ ಪ್ರಶಸ್ತಿ ಬಂತು.

ವಾಪಸ್ ಬರುವವನ ಕಥೆ ಇನ್ನೂ ಹಳೆಯದು. ಟೆಟ್ರಾಹೈಮಿನಾ ಎಂಬ ಏಕಕೋಶ ಜೀವಿ ತನ್ನ ಮೈಮೇಲಿನ ಸಣ್ಣ ರೋಮಗಳನ್ನು ಬೀಸಿ ಈಜುತ್ತದೆ. ಆ ಬೀಸಾಟಕ್ಕೆ ಬಲ ಕೊಡುವ ಪ್ರೋಟೀನನ್ನು ಇಯಾನ್ ಗಿಬ್ಬನ್ಸ್ ಬೇರ್ಪಡಿಸಿ, 1965ರಲ್ಲಿ ಡೈನೀನ್ ಎಂದು ಕರೆದರು. ಭೌತವಿಜ್ಞಾನದಲ್ಲಿ ಬಲದ ಹಳೆಯ ಮಾನ 'ಡೈನ್'. ಅದಕ್ಕೆ ಪ್ರೋಟೀನಿನ ಬಾಲ ಅಂಟಿಸಿದ ಹೆಸರು ಅದು. ಇದರ ಅಣ್ಣತಮ್ಮನೊಬ್ಬ ಮಿದುಳಿನಲ್ಲೂ ಇದ್ದಾನೆ ಎಂದು ಖಚಿತವಾಗಲು 1987 ಬರಬೇಕಾಯಿತು. ಮಿದುಳಿನಿಂದ ತೆಗೆದ ಮೈಕ್ರೊಟ್ಯೂಬ್ಯೂಲ್‌ಗಳ ಜೊತೆ ಅಂಟಿಕೊಂಡು ಬರುವ ಪ್ರೋಟೀನ್‌ಗಳ ಪಟ್ಟಿಯಲ್ಲಿ 'ಮ್ಯಾಪ್ 1ಸಿ' ಎಂಬ ಹೆಸರಿನದೊಂದು ಮೊದಲೇ ಇತ್ತು. ರಿಚರ್ಡ್ ವಾಲಿ ಅವರ ತಂಡ ಅದನ್ನು ಶುದ್ಧೀಕರಿಸಿ ಪರೀಕ್ಷಿಸಿದಾಗ ಅದು ಬರೀ ಅಂಟುವ ಪ್ರೋಟೀನ್ ಅಲ್ಲ, ಎಟಿಪಿ ಸುಟ್ಟು ಚಲಿಸುವ ಡೈನೀನ್ ಎಂದು ತಿಳಿಯಿತು. ಪಟ್ಟಿಯ ಒಂದು ಮೂಲೆಯಲ್ಲಿದ್ದವನೇ ಮನೆಗೆ ಸರಕು ಹೊರುವ ಹಮಾಲ.

ಹೆಸರು ಓದುವ ಬಗೆ

ಈ ಹಮಾಲನ ಮುಖ್ಯ ಭಾಗವನ್ನು ತಯಾರಿಸುವ ಇಲಿಯ ಜೀನ್‌ಗೆ 'ಡಿವೈಎನ್‌ಸಿ1ಎಚ್1' ಎಂದು ಹೆಸರು. ಬೆದರಬೇಡಿ. ಮೊದಲ ಮೂರಕ್ಷರ ಡೈನೀನ್. 'ಸಿ' ಎಂದರೆ ಸೈಟೊಪ್ಲಾಸ್ಮಿಕ್, ಕೋಶದ್ರವದಲ್ಲಿರುವಂಥದ್ದು. '1' ಎಂದರೆ ಮೊದಲ ಬಗೆ. 'ಎಚ್1' ಎಂದರೆ ಅದರ ಹೆವಿ ಚೈನ್, ಭಾರದ ಸರಪಳಿ. ಬೇರೆ ಬೇರೆ ಪ್ರಯೋಗಾಲಯಗಳು ಬೇರೆ ಬೇರೆ ಹೆಸರಿನಿಂದ ಕರೆಯುತ್ತಿದ್ದುದನ್ನು 2005ರಲ್ಲಿ ಹೀಗೆ ಒಂದೇ ಪದ್ಧತಿಗೆ ತರಲಾಯಿತು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಇನ್ನೊಂದು ರೂಢಿಯನ್ನೂ ನೆನಪಿಟ್ಟುಕೊಳ್ಳಿ. ಜೀನ್ ಮನುಷ್ಯನದ್ದಾದರೆ ಇಂಗ್ಲಿಷಿನಲ್ಲಿ ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆಯುತ್ತಾರೆ. ಇಲಿಯದ್ದಾದರೆ ಮೊದಲನೆಯದು ಮಾತ್ರ ದೊಡ್ಡಕ್ಷರ.

ಇಲಿಯಲ್ಲಿ ಈ ಜೀನ್ ಇರುವುದು 12ನೇ ವರ್ಣತಂತುವಿನಲ್ಲಿ, ನಮ್ಮಲ್ಲಿ 14ನೆಯದರಲ್ಲಿ. ಇಲಿಯ ಪ್ರೋಟೀನಿನಲ್ಲಿ 4,644 ಅಮೈನೊ ಆಮ್ಲಗಳು, ನಮ್ಮದರಲ್ಲಿ 4,646. ಇಷ್ಟು ದೊಡ್ಡ ಸರಪಳಿಯಲ್ಲಿ ಉದ್ದದ ವ್ಯತ್ಯಾಸ ಎರಡೇ! ಜಾತಿ ಬೇರೆಯಾಗಿ ಕೋಟ್ಯಂತರ ವರ್ಷ ಕಳೆದರೂ ಪ್ರಕೃತಿ ಇದನ್ನು ಹೆಚ್ಚು ಮುಟ್ಟಿಲ್ಲ. ಮುಟ್ಟಿದರೆ ಕೆಡುತ್ತದೆ ಎಂಬುದಕ್ಕೆ ಅದೇ ಸೂಚನೆ.

ರಚನೆಯೂ ಸ್ವಾರಸ್ಯವಾಗಿದೆ. ಎರಡು ಭಾರದ ಸರಪಳಿಗಳು ಜೋಡಿಯಾಗಿ ಒಂದು ಯಂತ್ರವಾಗುತ್ತವೆ. ಪ್ರತಿ ಸರಪಳಿಯ ಒಂದು ತುದಿಯಲ್ಲಿ ಆರು ಭಾಗಗಳು ಸೇರಿದ ಉಂಗುರ. ಎಟಿಪಿ ಸುಡುವ ಎಂಜಿನ್ ಅದು. ಉಂಗುರದಿಂದ ಹೊರಚಾಚಿದ ಕಡ್ಡಿಯ ತುದಿಯಲ್ಲಿ ಮೈಕ್ರೊಟ್ಯೂಬ್ಯೂಲನ್ನು ಹಿಡಿಯುವ ಪುಟ್ಟ ಪಾದ. ಇನ್ನೊಂದು ತುದಿಯ ಬಾಲ ಸರಕನ್ನು ಹಿಡಿಯುವ ಕೆಲಸಕ್ಕೆ. ಆದರೆ ಡೈನೀನ್ ಒಂಟಿಯಾಗಿ ದೂರ ನಡೆಯಲಾರದು. ಡೈನಾಕ್ಟಿನ್ ಎಂಬ ಇನ್ನೊಂದು ದೊಡ್ಡ ಸಂಕೀರ್ಣ, ಸರಕು ಯಾವುದೆಂದು ಗುರುತಿಸುವ ಬಿಐಸಿಡಿ2 ಅಥವಾ ಹುಕ್3ರಂಥ ಮಧ್ಯವರ್ತಿ, ಮೂವರೂ ಕೂಡಿದಾಗ ಮಾತ್ರ ಅದು ನಿಲ್ಲದೆ ನಡೆಯುತ್ತದೆ ಎಂಬುದು 2014ರಲ್ಲಿ ಸ್ಪಷ್ಟವಾಯಿತು. ಸರಕಿಲ್ಲದೆ ಹಮಾಲ ಹೊರಡುವುದಿಲ್ಲ. ಖಾಲಿ ನಡೆದು ಎಟಿಪಿ ದಂಡ ಮಾಡದಿರಲು ಕೋಶ ಮಾಡಿಕೊಂಡ ಏರ್ಪಾಡು ಇದು.

ಬಾಲ ಹಿಡಿದು ಎತ್ತಿದಾಗ

ಇಲಿಯ ಬಾಲ ಹಿಡಿದು ನಿಧಾನವಾಗಿ ಎತ್ತಿದರೆ ಆರೋಗ್ಯವಂತ ಇಲಿ ಹಿಂಗಾಲುಗಳನ್ನು ಅಗಲಿಸಿ ಚಾಚುತ್ತದೆ. ನರ ಮತ್ತು ಸ್ನಾಯುಗಳ ಸ್ಥಿತಿ ತಿಳಿಯಲು ಪ್ರಯೋಗಾಲಯಗಳಲ್ಲಿ ಇಂದಿಗೂ ಮಾಡುವ ಸುಲಭ ಪರೀಕ್ಷೆ ಇದು. ಇಎನ್‌ಯು ಎಂಬ ರಾಸಾಯನಿಕದಿಂದ ಜೀನ್‌ಗಳಲ್ಲಿ ಅಲ್ಲಲ್ಲಿ ಬದಲಾವಣೆ ಉಂಟುಮಾಡಿ ಬೆಳೆಸಿದ ಇಲಿಗಳಲ್ಲಿ ಕೆಲವು, ಹೀಗೆ ಎತ್ತಿದಾಗ ಕಾಲನ್ನು ಚಾಚುವ ಬದಲು ಸೊಟ್ಟಗೆ ತಿರುಚಿ ಮೈಗೆ ಒತ್ತಿಕೊಂಡವು. ಕಾಲುಗಳು ವಿಚಿತ್ರ ಕೋನದಲ್ಲಿವೆ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿಸಿ ಈ ಇಲಿಗಳಿಗೆ 'ಲೋವಾ' ಎಂದು ಹೆಸರಿಟ್ಟರು.

ತಪ್ಪು ಯಾವ ಜೀನ್‌ನಲ್ಲಿದೆ? ಲಂಡನ್ನಿನ ಎಲಿಜಬೆತ್ ಫಿಶರ್, ಮಜೀದ್ ಹಫೆಜ್‌ಪರಸ್ತ್ ಮತ್ತು ಹಲವು ದೇಶಗಳ ಸಂಗಾತಿಗಳು 2003ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಉತ್ತರ ಪ್ರಕಟಿಸಿದರು. ಡೈನೀನ್ ಹೆವಿ ಚೈನ್ ಜೀನ್‌ನ ಸುಮಾರು 13,900 ಅಕ್ಷರಗಳ ಸಂದೇಶದಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. 'ಟಿ' ಇರಬೇಕಾದಲ್ಲಿ 'ಎ'. ಅದರಿಂದಾಗಿ 580ನೇ ಸ್ಥಾನದಲ್ಲಿ ಫಿನೈಲ್‌ಅಲನಿನ್ ಬದಲು ಟೈರೊಸಿನ್ ಬಂದು ಕೂತಿತ್ತು. ರಸಾಯನವಿಜ್ಞಾನ ಓದಿದವರು ಎರಡರ ರಚನೆಯನ್ನೂ ಪಕ್ಕಪಕ್ಕ ಬರೆದು ನೋಡಿ. ವ್ಯತ್ಯಾಸ ಒಂದೇ ಆಮ್ಲಜನಕದ ಪರಮಾಣು. ಇಂಥದೇ ಲಕ್ಷಣದ, ಜರ್ಮನಿಯಲ್ಲಿ ಸಿಕ್ಕ 'ಕ್ರಾ1' ಎಂಬ ಇಲಿಯಲ್ಲೂ ದೋಷ ಇದೇ ಜೀನ್‌ನ ಇನ್ನೊಂದು ಜಾಗದಲ್ಲಿತ್ತು.

ತಂದೆ, ತಾಯಿ ಇಬ್ಬರಿಂದಲೂ ದೋಷವಿರುವ ಪ್ರತಿ ಪಡೆದ ಲೋವಾ ಮರಿಗಳು ಹುಟ್ಟಿದ ಒಂದು ದಿನದೊಳಗೆ ಸತ್ತವು. ಅಂಥ ಭ್ರೂಣಗಳ ನರಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಧನುರ್ವಾಯು ವಿಷದ ಒಂದು ನಿರಪಾಯಕಾರಿ ತುಂಡಿಗೆ ಹೊಳೆಯುವ ಬಣ್ಣ ಕಟ್ಟಿ ಬಿಟ್ಟು ನೋಡಿದಾಗ, ಮನೆಯ ಕಡೆಗಿನ ಅದರ ಪ್ರಯಾಣ ನಿಧಾನವಾಗಿತ್ತು.

ಇಲ್ಲೊಂದು ಒಗಟು ಇದೆ. 1998ರಲ್ಲಿ ಟೋಕಿಯೊದ ನೊಬುಟಾಕಾ ಹಿರೊಕಾವಾ ಅವರ ತಂಡ ಈ ಜೀನನ್ನೇ ಪೂರ್ತಿ ಕೆಡಿಸಿದ ಇಲಿಗಳನ್ನು ತಯಾರಿಸಿತ್ತು. ಎರಡು ಪ್ರತಿಯೂ ಇಲ್ಲದ ಭ್ರೂಣಗಳು ಬೇಗನೆ ಸತ್ತವು. ಆದರೆ ಒಂದು ಪ್ರತಿ ಇಲ್ಲದ ಇಲಿಗಳು ಚೆನ್ನಾಗಿಯೇ ಇದ್ದವು. ಹಾಗಾದರೆ ಒಂದು ಪ್ರತಿಯಲ್ಲಿ ಬರೀ ಒಂದಕ್ಷರ ತಪ್ಪಿದ ಲೋವಾ ಇಲಿಗೇಕೆ ಕಾಲು ತಿರುಚಬೇಕು? ಇಲ್ಲದೇ ಇರುವುದಕ್ಕಿಂತ ತಪ್ಪಾಗಿ ಇರುವುದು ಕೆಟ್ಟದ್ದೇ?

ಹೌದು. ಬಿಎಸ್ಸಿಯ ಪನ್ನೆಟ್ ಚೌಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದು ಪ್ರತಿ ಇಲ್ಲದಿದ್ದರೆ ಯಂತ್ರಗಳ ಸಂಖ್ಯೆ ಕಡಿಮೆಯಾದೀತು, ಆದರೆ ತಯಾರಾದ ಪ್ರತಿಯೊಂದೂ ಸರಿಯಾಗಿರುತ್ತದೆ. ಒಂದು ಪ್ರತಿ ತಪ್ಪಾಗಿದ್ದರೆ, ಸರಪಳಿಗಳು ಯಾವುದಕ್ಕೆ ಯಾವುದು ಎಂಬ ಲೆಕ್ಕವಿಲ್ಲದೆ ಜೋಡಿಯಾಗುತ್ತವೆ ಎಂದುಕೊಂಡರೆ, ನಾಲ್ಕರಲ್ಲಿ ಒಂದು ಯಂತ್ರ ಪೂರ್ತಿ ಸರಿ, ಎರಡು ಕಲಬೆರಕೆ, ಒಂದು ಪೂರ್ತಿ ಕೆಟ್ಟದ್ದು. ಅಂದರೆ ಮುಕ್ಕಾಲು ಪಾಲು ಹಮಾಲರಲ್ಲಿ ಕನಿಷ್ಠ ಒಂದು ಕಡೆಯಾದರೂ ದೋಷ. ಅವರೂ ಹಳಿಯ ಮೇಲೆ ಜಾಗ ಹಿಡಿಯುತ್ತಾರೆ, ಸರಕು ಹೊರುತ್ತಾರೆ, ಆದರೆ ತಲುಪಿಸುವುದಿಲ್ಲ. 2010ರಲ್ಲಿ ವಾಲಿ ಅವರ ತಂಡ ಲೋವಾ ಇಲಿಯ ಡೈನೀನನ್ನು ಬಿಡಿಬಿಡಿಯಾಗಿ ಪರೀಕ್ಷಿಸಿದಾಗ ಅದು ಹೆಚ್ಚು ದೂರ ನಡೆಯದೆ ಹಳಿ ಬಿಟ್ಟು ಕಳಚಿಕೊಳ್ಳುತ್ತಿತ್ತು. ತಪ್ಪು ಇದ್ದದ್ದು ಬಾಲದಲ್ಲಿ, ಜಾರಿದ್ದು ಪಾದ!

ಹಣೆಪಟ್ಟಿ ಬದಲಾದಾಗ

2003ರ ಲೇಖನ ಲೋವಾ ಇಲಿಗಳಲ್ಲಿ ಚಲನ ನರಕೋಶಗಳು, ಅಂದರೆ ಸ್ನಾಯುಗಳನ್ನು ಆಡಿಸುವ ಕೋಶಗಳು ಕ್ಷಯಿಸುತ್ತವೆ ಎಂದಿತ್ತು. ಎಎಲ್‌ಎಸ್‌ನಂಥ ಕಾಯಿಲೆಗೆ, ಸ್ಟೀಫನ್ ಹಾಕಿಂಗ್ ಅವರನ್ನು ಗಾಲಿಕುರ್ಚಿಗೆ ಕಟ್ಟಿಹಾಕಿದ ಬಗೆಯ ಕಾಯಿಲೆಗೆ, ಇದೊಂದು ಮಾದರಿ ಎಂಬ ನಿರೀಕ್ಷೆ ಹುಟ್ಟಿತು. ಆ ಕಾಯಿಲೆಯ ಪ್ರಸಿದ್ಧ ಮಾದರಿಯಾದ ಎಸ್‌ಒಡಿ1 ಇಲಿಗಳ ಜೊತೆ ಲೋವಾ ಇಲಿಗಳನ್ನು ಕೂಡಿಸಿದಾಗ ಎರಡೂ ದೋಷ ಹೊತ್ತ ಮರಿಗಳ ಸ್ಥಿತಿ ಇನ್ನೂ ಕೆಡಬೇಕಿತ್ತು. 2005ರಲ್ಲಿ ಬಂದ ಫಲಿತಾಂಶ ಉಲ್ಟಾ. ಅವು ಬರೀ ಎಸ್‌ಒಡಿ1 ದೋಷವಿದ್ದ ಇಲಿಗಳಿಗಿಂತ ಹೆಚ್ಚು ದಿನ ಬದುಕಿದವು.

ಮುಂದೆ 2007 ಮತ್ತು 2008ರಲ್ಲಿ ಬೇರೆ ತಂಡಗಳು ನರಕೋಶಗಳನ್ನು ಮತ್ತೆ ಎಣಿಸಿದವು. ಒಂದು ಪ್ರತಿ ದೋಷವಿರುವ ಲೋವಾ ಇಲಿಯಲ್ಲಿ ಮುಖ್ಯವಾಗಿ ಹಾಳಾಗಿದ್ದು ಸಂವೇದನಾ ನರಕೋಶಗಳು ಎಂದು ಕಂಡಿತು. ಅದರಲ್ಲೂ ಕೈಕಾಲು ಈಗ ಎಲ್ಲಿದೆ, ಹೇಗೆ ಮಡಚಿದೆ ಎಂದು ಮಿದುಳಿಗೆ ತಿಳಿಸುವ ದಪ್ಪ ಎಳೆಗಳು. ಕತ್ತಲಲ್ಲೂ ನಾವು ತುತ್ತನ್ನು ಸರಿಯಾಗಿ ಬಾಯಿಗೇ ಇಡುವುದು ಇವುಗಳಿಂದ. 'ಸ್ಪ್ರಾಲಿಂಗ್' ಎಂಬ ಇನ್ನೊಂದು ಇಲಿಯಲ್ಲೂ ಇದೇ ಜೀನ್‌ನ ಒಂಬತ್ತು ಅಕ್ಷರ ಬಿಟ್ಟುಹೋಗಿ ಇದೇ ಬಗೆಯ ನಷ್ಟವಾಗಿತ್ತು. ಅಂದರೆ ಕಾಲು ತಿರುಚಿದ್ದಕ್ಕೆ ಬಲದ ಕೊರತೆಗಿಂತ ದೊಡ್ಡ ಕಾರಣ ಬೇರೆ ಇತ್ತು. ತನ್ನ ಕಾಲು ಎಲ್ಲಿದೆ ಎಂದು ಇಲಿಗೇ ಸರಿಯಾಗಿ ತಿಳಿಯುತ್ತಿರಲಿಲ್ಲ.

ಪಠ್ಯಪುಸ್ತಕ ಓದಿ ಪರೀಕ್ಷೆ ಬರೆಯುವ ನಮಗೆ ಇದು ಗಮನಿಸಬೇಕಾದ ಸಂಗತಿ. ಮೊದಲ ಲೇಖನ ಸುಳ್ಳಾಗಲಿಲ್ಲ. ಜೀನ್ ಅದೇ, ಅಕ್ಷರ ಅದೇ, ಸಾಗಾಟದ ತೊಂದರೆಯೂ ಅದೇ. ಆದರೆ ಅದರ ಮೇಲಿನ ಹಣೆಪಟ್ಟಿ ಬದಲಾಯಿತು. ಬದಲಾಯಿಸಿದ್ದು ದೊಡ್ಡ ಸಿದ್ಧಾಂತವಲ್ಲ. ತಾಳ್ಮೆಯಿಂದ ಕೂತು ಸೂಕ್ಷ್ಮದರ್ಶಕದಡಿ ಕೋಶ ಎಣಿಸಿದ ಕೆಲಸ.

ಮನುಷ್ಯರ ಮನೆಗೆ ಬಂದ ಸುದ್ದಿ

ಈ ಇಲಿಗಳು ಪ್ರಸಿದ್ಧವಾದ ಮೇಲೆ ವೈದ್ಯರಿಗೆ ಒಂದು ಅನುಮಾನದ ದಾರಿ ತೆರೆಯಿತು. 2010ರಿಂದ 2012ರ ನಡುವೆ ಮನುಷ್ಯರಲ್ಲೂ ಈ ಜೀನ್‌ನ ದೋಷಗಳು ಒಂದೊಂದಾಗಿ ವರದಿಯಾದವು. ಕೆಲವು ಕುಟುಂಬಗಳಲ್ಲಿ ಮಕ್ಕಳು ತಡವಾಗಿ ನಡೆಯುತ್ತಾರೆ, ತೊಡೆಯ ಸ್ನಾಯು ಸಣ್ಣದಾಗಿರುತ್ತದೆ, ನಡಿಗೆ ಓಲಾಡುತ್ತದೆ, ಆದರೆ ಕೈಗಳಿಗೆ ಹೆಚ್ಚು ತೊಂದರೆ ಇರುವುದಿಲ್ಲ. ಎಸ್‌ಎಂಎ-ಎಲ್‌ಇಡಿ ಎಂದು ಇದಕ್ಕೆ ಹೆಸರು. ಉದ್ದದ ನರಗಳಿಗೇ ಪೆಟ್ಟು ಮೊದಲು ಎಂಬುದಕ್ಕೆ ಮೇಲಿನ 30 ಕಿಲೋಮೀಟರ್ ರಸ್ತೆಯ ಲೆಕ್ಕ ನೆನಪಿಸಿಕೊಳ್ಳಿ. ಇನ್ನು ಕೆಲವರಲ್ಲಿ ಇದೇ ಜೀನ್‌ನ ಬೇರೆ ದೋಷಗಳಿಂದ ಬೌದ್ಧಿಕ ಬೆಳವಣಿಗೆ ಕುಂಠಿತವಾಗುತ್ತದೆ, ಮಿದುಳಿನ ಹೊರಪದರದ ರಚನೆ ಕೆಡುತ್ತದೆ. ಭ್ರೂಣದಲ್ಲಿ ನರಕೋಶಗಳು ತಮ್ಮ ಜಾಗಕ್ಕೆ ಸಾಗುವಾಗಲೂ ಡೈನೀನ್ ಬೇಕು.

ಎಸ್‌ಎಂಎ ಎಂಬ ಹೆಸರು ನಮಗೆ ಹೊಸದಲ್ಲ. ಪುಟ್ಟ ಮಗುವಿನ ಚುಚ್ಚುಮದ್ದಿಗೆ ಕೋಟಿಗಟ್ಟಲೆ ಹಣ ಸಂಗ್ರಹಿಸುವ ಮನವಿಗಳನ್ನು ಪತ್ರಿಕೆಗಳಲ್ಲಿ, ಮೊಬೈಲಿನಲ್ಲಿ ನೋಡಿದ್ದೇವೆ. ಆ ಸಾಮಾನ್ಯ ಬಗೆಯ ಎಸ್‌ಎಂಎಗೆ ಕಾರಣ ಎಸ್‌ಎಂಎನ್1 ಎಂಬ ಬೇರೆ ಜೀನ್. ಆ ಚುಚ್ಚುಮದ್ದು ಒದಗಿಸುವುದು ಅದೇ ಜೀನ್‌ನ ಸರಿಯಾದ ಪ್ರತಿಯನ್ನು. ಡೈನೀನ್ ದೋಷದ ಮಗುವಿಗೆ ಅದು ಮದ್ದಲ್ಲ. ಹೊರಗಿನಿಂದ ಎರಡೂ 'ಕಾಲಿನ ಬಲ ಕಡಿಮೆ' ಎಂದೇ ಕಾಣಬಹುದು. ಯಾವ ಜೀನ್ ಎಂದು ತಿಳಿಯುವುದು ತಂದೆತಾಯಿಗೆ ಎಷ್ಟು ಮುಖ್ಯ ಎಂಬುದು ಇಲ್ಲಿ ಅರ್ಥವಾಗುತ್ತದೆ. ಡೈನೀನ್ ದೋಷಕ್ಕೆ ಮೂಲದಲ್ಲೇ ಸರಿಪಡಿಸುವ ಔಷಧ ಬಂದಿಲ್ಲ. ಆದರೆ ಜೀನ್ ಪತ್ತೆಯಾದರೆ ಒಂದಾದ ಮೇಲೊಂದು ಪರೀಕ್ಷೆಗಾಗಿ ಆಸ್ಪತ್ರೆ ಅಲೆಯುವುದು ನಿಲ್ಲುತ್ತದೆ. ಮುಂದಿನ ಮಗುವಿಗೆ ಬರುವ ಸಾಧ್ಯತೆ ಎಷ್ಟು ಎಂದು ಆನುವಂಶಿಕ ಸಲಹೆಗಾರರು ಹೇಳಬಲ್ಲರು.

ಇಲಿ ಯಾಕೆ ಬೇಕು ಎನ್ನುವವರಿಗೆ ಇನ್ನೊಂದು ಮಾತು. ಆ ದುಬಾರಿ ಚುಚ್ಚುಮದ್ದಿನ ಹಿಂದಿನ ತತ್ವವನ್ನು ಮೊದಲು ಪರೀಕ್ಷಿಸಿದ್ದು ಎಸ್‌ಎಂಎ ಇಲಿಮರಿಗಳಲ್ಲಿ. ಚಿಕಿತ್ಸೆ ಇಲ್ಲದಿದ್ದರೆ ಎರಡು ವಾರದ ಆಸುಪಾಸು ಬದುಕುವ ಮರಿಗಳು, 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 250 ದಿನಕ್ಕೂ ಹೆಚ್ಚು ಬದುಕಿದವು. ಅಮೆರಿಕದಲ್ಲಿ ಅದು ಮಕ್ಕಳ ಔಷಧವಾಗಿ ಒಪ್ಪಿಗೆ ಪಡೆದದ್ದು 2019ರಲ್ಲಿ. ಹಾಗೆಂದು ಇಲಿಯ ನೋವು ಲೆಕ್ಕಕ್ಕಿಲ್ಲ ಎಂದಲ್ಲ. ನಮ್ಮ ದೇಶದಲ್ಲೂ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಇಲ್ಲದೆ ಇಂಥ ಪ್ರಯೋಗ ಮಾಡುವಂತಿಲ್ಲ. ಎಷ್ಟು ಇಲಿ, ಏಕೆ ಅಷ್ಟೇ, ನೋವು ತಗ್ಗಿಸಲು ಏನು ಕ್ರಮ ಎಂದು ಮೊದಲೇ ಬರೆದುಕೊಡಬೇಕು.

ಅದೇ ದಾರಿಯಲ್ಲಿ ಕಳ್ಳರೂ

ಮನೆಯ ಕಡೆಗಿನ ಈ ದಾರಿಯನ್ನು ಬಳಸುವವರಲ್ಲಿ ಕಳ್ಳರೂ ಇದ್ದಾರೆ. ಹುಚ್ಚುನಾಯಿ ಕಚ್ಚಿದಾಗ ಸ್ನಾಯುವಿಗೆ ಸೇರಿದ ರೇಬಿಸ್ ವೈರಸ್ ನರದ ತುದಿಯೊಳಗೆ ನುಗ್ಗಿ, ವಾಪಸ್ ಹೋಗುವ ಸಾಗಾಟವನ್ನೇ ಏರಿ ಬೆನ್ನುಹುರಿ, ಮಿದುಳು ಸೇರುತ್ತದೆ. ಧನುರ್ವಾಯುವಿನ ವಿಷವೂ ಅಷ್ಟೇ. ಮುಖ, ಕುತ್ತಿಗೆಗೆ ಕಚ್ಚಿದರೆ ಹೆಚ್ಚು ಅಪಾಯ ಎನ್ನುವುದಕ್ಕೆ ಒಂದು ಕಾರಣ ದಾರಿ ಚಿಕ್ಕದು ಎಂಬುದು. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬಿಸ್ ಹೆಚ್ಚುಕಡಿಮೆ ಖಚಿತ ಸಾವು. ಆದರೆ ವೈರಸ್ ಮಿದುಳು ಸೇರುವ ಮುನ್ನ ನಮಗೆ ಸಿಗುವ ಸಮಯವೇ ಲಸಿಕೆಯ ಬಲ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಿ ಎನ್ನುವುದು ಇದಕ್ಕೇ. ಅರಿಶಿನ, ಸುಣ್ಣ ಮೆತ್ತಿ ಕೂತರೆ ಹಮಾಲ ಕಾಯುವುದಿಲ್ಲ.

ಹಳಿಯನ್ನೇ ಕೀಳುವ ರಾಸಾಯನಿಕಗಳೂ ನಮ್ಮ ಹಿತ್ತಲಲ್ಲಿವೆ. ಬೇಲಿಯಲ್ಲಿ ಹಬ್ಬುವ ಅಗ್ನಿಶಿಖೆ, ಅಂದರೆ ಗೌರಿ ಹೂವಿನ ಗಿಡದಲ್ಲಿ ಕಾಲ್ಚಿಸಿನ್ ಇದೆ. ಈರುಳ್ಳಿ ಬೇರಿನ ಪ್ರಯೋಗದಲ್ಲಿ ಕೋಶ ವಿಭಜನೆ ನಿಲ್ಲಿಸಲು ನಾವು ಬಳಸುವುದು ಅದನ್ನೇ. ಮನೆಯಂಗಳದ ನಿತ್ಯಪುಷ್ಪದಿಂದ ಬರುವ ವಿಂಕ್ರಿಸ್ಟಿನ್ ರಕ್ತದ ಕ್ಯಾನ್ಸರಿಗೆ ಔಷಧ. ಎರಡೂ ಟ್ಯೂಬ್ಯುಲಿನ್‌ಗೆ ಅಂಟಿ ಮೈಕ್ರೊಟ್ಯೂಬ್ಯೂಲ್ ಕಟ್ಟದಂತೆ ತಡೆಯುತ್ತವೆ. ಕ್ಯಾನ್ಸರ್ ಕೋಶ ವಿಭಜನೆಯಾಗದೆ ಸಾಯುತ್ತದೆ. ಆದರೆ ಹಳಿ ಎಲ್ಲೆಡೆ ಒಂದೇ ಆದ್ದರಿಂದ ಈ ಔಷಧ ಪಡೆಯುವವರಿಗೆ ಪಾದ, ಬೆರಳುಗಳಲ್ಲಿ ಜೋಮು, ಮರಗಟ್ಟುವಿಕೆ ಶುರುವಾಗುವುದುಂಟು. ಇಲ್ಲೂ ಮೊದಲ ಪೆಟ್ಟು ಅತಿ ಉದ್ದದ ನರಕ್ಕೆ.

ನಮ್ಮಲ್ಲಿ ಯಾರಿದ್ದಾರೆ?

ಭೌತವಿಜ್ಞಾನದಿಂದ ಜೀವವಿಜ್ಞಾನಕ್ಕೆ ಬಂದ ರೂಪ್ ಮಲಿಕ್ 2004ರಲ್ಲಿ ಅಮೆರಿಕದ ಸಂಗಾತಿಗಳೊಡನೆ 'ನೇಚರ್'ನಲ್ಲಿ ಪ್ರಕಟಿಸಿದ ಕೆಲಸ ಡೈನೀನ್‌ಗೆ ಗೇರ್ ಇದೆ ಎಂದು ತೋರಿಸಿತು. ಭಾರವಿಲ್ಲದಾಗ ದೊಡ್ಡ ಹೆಜ್ಜೆ, ಭಾರ ಹೆಚ್ಚಿದಂತೆ 8 ನ್ಯಾನೊಮೀಟರಿನ ಚಿಕ್ಕ ಹೆಜ್ಜೆ. ಘಾಟಿ ಹತ್ತುವ ಬಸ್ಸಿನ ಹಾಗೆ. ಮುಂದೆ ಮುಂಬೈನ ಟಿಐಎಫ್‌ಆರ್‌ನಲ್ಲಿ ಅವರ ತಂಡ, ಇಲಿಯ ಬಿಳಿ ರಕ್ತಕಣದ ಬಗೆಯ ಕೋಶಗಳಲ್ಲಿ ಹಲವು ಡೈನೀನ್‌ಗಳು ಒಟ್ಟಾಗಿ ಭಾರ ಹಂಚಿಕೊಂಡು ಎಳೆಯುವುದನ್ನು ಬೆಳಕಿನ ಚಿಮಟದಿಂದ ಅಳೆಯಿತು. ಈ ಚಿಮಟದ ತಂತ್ರಕ್ಕಾಗಿಯೇ ಆರ್ಥರ್ ಆಷ್ಕಿನ್ ಅವರಿಗೆ 2018ರಲ್ಲಿ ನೊಬೆಲ್ ಬಂದದ್ದು. ಸಂಧ್ಯಾ ಕೌಶಿಕಾ ಅವರ ಪ್ರಯೋಗಾಲಯ, ಹಿಂದೆ ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ, ಬಳಿಕ ಟಿಐಎಫ್‌ಆರ್‌ನಲ್ಲಿ, ಒಂದು ಮಿಲಿಮೀಟರ್ ಉದ್ದದ ಪಾರದರ್ಶಕ ಹುಳುವಿನ ನರಗಳಲ್ಲಿ ಇದೇ ಸಾಗಾಟವನ್ನು ಜೀವಂತವಾಗಿ ನೋಡುತ್ತ ಬಂದಿದೆ. ಸ್ಕ್ವಿಡ್ ಹುಡುಕಿ ಹೋದ ಆ ರಾನ್ ವೇಲ್ ಕೂಡ 2009ರ ಸುಮಾರಿಗೆ ಎನ್‌ಸಿಬಿಎಸ್‌ಗೆ ಬಂದಿದ್ದು, ಯುವ ಜೀವವಿಜ್ಞಾನಿಗಳಿಗಾಗಿ ಇಂಡಿಯಾ ಬಯೋಸೈನ್ಸ್ ಎಂಬ ವೇದಿಕೆ ಕಟ್ಟಲು ಕೈಜೋಡಿಸಿದರು. ಆ ವೇದಿಕೆಯಲ್ಲಿ ಉದ್ಯೋಗ, ಪಿಎಚ್‌ಡಿ, ಬೇಸಿಗೆ ತರಬೇತಿಯ ಪ್ರಕಟಣೆಗಳು ಉಚಿತವಾಗಿ ಸಿಗುತ್ತವೆ.

ದೊಡ್ಡ ಪ್ರಯೋಗಾಲಯ ಇಲ್ಲದ ತಾಲ್ಲೂಕು ಕಾಲೇಜಿನಲ್ಲಿ ಓದುವವರು ಕೈಚೆಲ್ಲಬೇಕಿಲ್ಲ. ಮೌಸ್ ಜೀನೋಮ್ ಇನ್ಫರ್ಮ್ಯಾಟಿಕ್ಸ್, ಎನ್‌ಸಿಬಿಐ, ಪ್ರೋಟೀನ್ ಡೇಟಾ ಬ್ಯಾಂಕ್ ಎಲ್ಲವೂ ಮೊಬೈಲಿನಲ್ಲೇ ತೆರೆಯುತ್ತವೆ, ದುಡ್ಡಿಲ್ಲ. ಈ ಜೀನ್‌ನ ಹೆಸರು ಹಾಕಿ ಇಲಿ ಮತ್ತು ಮನುಷ್ಯನ ಪ್ರೋಟೀನ್ ಅನುಕ್ರಮ ಇಳಿಸಿಕೊಂಡು ಸಾಲಾಗಿ ಹೋಲಿಸಿ. 580ನೇ ಸ್ಥಾನದಲ್ಲಿ ಇಲಿಗೆ ಏನಿದೆ, ಅದರ ಎದುರು ನಮಗೇನಿದೆ ಎಂದು ನೀವೇ ನೋಡಿ. ಆಮೇಲೆ ಇಮೇಜ್‌ಜೆ ಎಂಬ ಉಚಿತ ತಂತ್ರಾಂಶ ಕಲಿಯಿರಿ. ಸಾಗುವ ಸರಕಿನ ವಿಡಿಯೊವನ್ನು ಕಾಲ ಮತ್ತು ದೂರದ ಒಂದೇ ಚಿತ್ರವಾಗಿಸುವ ಕೈಮೊಗ್ರಾಫ್ ಅದರಲ್ಲಿ ಮಾಡಬಹುದು. ಗೆರೆ ಓರೆಯಾಗಿದ್ದರೆ ಸರಕು ನಡೆಯುತ್ತಿದೆ, ನೇರ ನಿಂತಿದ್ದರೆ ಸರಕು ನಿಂತಿದೆ. ಓರೆಯಿಂದ ವೇಗ ಸಿಗುತ್ತದೆ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೊಶಿಪ್‌ಗೆ ಅರ್ಜಿ ಹಾಕುವಾಗ 'ನನಗೆ ಜೀವವಿಜ್ಞಾನದಲ್ಲಿ ಆಸಕ್ತಿ ಇದೆ' ಎಂಬ ಸಾಲಿಗಿಂತ 'ಈ ಎರಡು ಅನುಕ್ರಮ ಹೋಲಿಸಿದೆ, ಇದು ಕಂಡಿತು' ಎಂಬ ಸಾಲಿಗೆ ತೂಕ ಹೆಚ್ಚು. ಜ್ಯಾಮ್, ಗೇಟ್, ಸಿಎಸ್‌ಐಆರ್ ನೆಟ್ ಬರೆಯುವವರಿಗೆ ಕೋಶ ಜೀವಶಾಸ್ತ್ರದ ಒಂದು ಅಧ್ಯಾಯ ಇದರಿಂದಲೇ ಗಟ್ಟಿಯಾಗುತ್ತದೆ.

ಇದನ್ನು ಕಲಿತವರೆಲ್ಲ ವಿಜ್ಞಾನಿಗಳೇ ಆಗಬೇಕೆಂದಿಲ್ಲ. ಆನುವಂಶಿಕ ಪರೀಕ್ಷೆಯ ವರದಿ ಓದುವವರು, ಅದನ್ನು ತಂದೆತಾಯಿಗೆ ಅವರ ಭಾಷೆಯಲ್ಲಿ ಬಿಡಿಸಿ ಹೇಳುವವರು, ಸೂಕ್ಷ್ಮದರ್ಶಕದ ಚಿತ್ರಗಳಿಂದ ಅಂಕಿ ತೆಗೆಯುವವರು, ಪ್ರಯೋಗಾಲಯದ ಪ್ರಾಣಿಗಳನ್ನು ನೋಡಿಕೊಳ್ಳುವವರು, ಎಲ್ಲರೂ ಬೇಕು. ಜೀನ್ ಪರೀಕ್ಷೆಯ ವರದಿ ಬರುವುದು ಇಂಗ್ಲಿಷಿನಲ್ಲಿ, ಅರ್ಧ ಪುಟ ಸಂಕೇತಾಕ್ಷರಗಳಲ್ಲಿ. ನಡೆಯಲಾಗದ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಆ ಹಾಳೆ ಹಿಡಿದು ನಿಂತ ತಾಯಿಗೆ 'ಅಮ್ಮಾ, ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ, ಒಂದು ಅಕ್ಷರ ಬದಲಾಗಿದೆ ಅಷ್ಟೇ, ಅದರಿಂದ ಹೀಗೆ ಆಗುತ್ತದೆ' ಎಂದು ಕನ್ನಡದಲ್ಲಿ ಹೇಳಬಲ್ಲವರು ನಮ್ಮ ಜಿಲ್ಲೆಗಳಲ್ಲಿ ಎಷ್ಟು ಮಂದಿ ಸಿಗುತ್ತಾರೆ? ಮುಂದೇನು ಮಾಡ್ತೀಯಪ್ಪಾ ಎಂದು ಕೇಳಿದವರಿಗೆ ಈ ಕೆಲಸವೂ ಇದೆ ಎಂದು ಹೇಳಬಹುದು.